ವೇದಿಕೆಗೆ ಹತ್ತಿರವಾದಷ್ಟೂ ದುಬಾರಿ. ನೋಟ, ನಾದದ ಲೆಕ್ಕ ಬೇರೆ

ದೊಡ್ಡ ಕಲಾವಿದರ ಕಾನ್ಸರ್ಟ್ ಟಿಕೆಟ್ ಮಾರಾಟ ಶುರುವಾದಾಗ ಅಭಿಮಾನಿಗೆ ಯೋಚಿಸಲು ಸಿಗುವ ಸಮಯ ಬಲು ಕಡಿಮೆ. ಆನ್‌ಲೈನ್ ಸರದಿ ಮುಗಿದು ಸೀಟುಗಳ ನಕ್ಷೆ ತೆರೆದುಕೊಳ್ಳುತ್ತದೆ. ಬಣ್ಣಬಣ್ಣದ ಬ್ಲಾಕುಗಳು, ಒಂದೊಂದಕ್ಕೂ ಒಂದೊಂದು ದರ. ಸೀಟು ಆರಿಸಿದ ಮೇಲೆ ಹಣ ಕಟ್ಟಲು ಕೆಲವೇ ನಿಮಿಷ. ಅಷ್ಟರೊಳಗೆ ಎರಡು ಪ್ರಶ್ನೆಗೆ ಉತ್ತರ ಬೇಕು: ಇಷ್ಟು ಹಣ ಕೊಡಬಹುದೇ? ಈ ಸೀಟು ಅಷ್ಟು ಬಾಳುತ್ತದೆಯೇ? ಎಷ್ಟೋ ಮಂದಿ ಎರಡನೆಯ ಪ್ರಶ್ನೆಗೂ ದರದಲ್ಲೇ ಉತ್ತರ ಹುಡುಕುತ್ತಾರೆ, ದುಬಾರಿ ಎಂದ ಮೇಲೆ ಒಳ್ಳೆಯದೇ ಇರಬೇಕು ಎಂದು. ಕೈ ಸುಡುವುದು ಅಲ್ಲೇ. ನಕ್ಷೆಯ ಮೇಲಿನ ದರ ಮುಖ್ಯವಾಗಿ ಅಳೆಯುವುದು ವೇದಿಕೆಯಿಂದ ಇರುವ ದೂರವನ್ನು ಮತ್ತು ಆ ಜಾಗಕ್ಕಿರುವ ನೂಕುನುಗ್ಗಲನ್ನು. ಏನು ಕಾಣುತ್ತದೆ, ಹೇಗೆ ಕೇಳುತ್ತದೆ ಎಂಬುದು ಸೀಟಿನ ಎತ್ತರ, ಕೋನ, ಸ್ಪೀಕರ್‌ಗಳು ತೂಗಿರುವ ಜಾಗ ಇವನ್ನು ಅವಲಂಬಿಸಿದೆ. ದರಪಟ್ಟಿಯಲ್ಲಿ ಇವಕ್ಕೆ ಕಾಲಂ ಇಲ್ಲ.

ದರ ಹೇಗೆ ಹುಟ್ಟುತ್ತದೆ

ಟಿಕೆಟ್‌ನ ಮುಖಬೆಲೆಯನ್ನು ಸಾಮಾನ್ಯವಾಗಿ ನಿಗದಿ ಮಾಡುವುದು ಕಲಾವಿದರ ತಂಡ ಮತ್ತು ಕಾರ್ಯಕ್ರಮದ ಆಯೋಜಕರು. ಬೈಗುಳ ತಿನ್ನುವುದು ಮಾತ್ರ ಟಿಕೆಟ್ ಮಾರುವ ಜಾಲತಾಣ. ಮುಖಬೆಲೆಯ ಮೇಲೆ ಸೇವಾ ಶುಲ್ಕ, ಸಭಾಂಗಣದ ಶುಲ್ಕ, ಆರ್ಡರ್ ಶುಲ್ಕ ಎಂದು ಒಂದರ ಹಿಂದೆ ಒಂದು ಸೇರಿಕೊಳ್ಳುತ್ತವೆ. ಈ ಶುಲ್ಕದ ದೊಡ್ಡ ಪಾಲು ಅನೇಕ ಕಡೆ ಸಭಾಂಗಣದವರಿಗೇ ಹೋಗುತ್ತದೆ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2018ರಲ್ಲಿ ಕೊಟ್ಟ ವರದಿಯ ಪ್ರಕಾರ, ಮೊದಲ ಮಾರಾಟದಲ್ಲಿ ಶುಲ್ಕದ ಸರಾಸರಿ ಟಿಕೆಟ್ ದರದ ಶೇ 27ರಷ್ಟು, ಮರುಮಾರಾಟದಲ್ಲಿ ಶೇ 31ರಷ್ಟು ಇತ್ತು. ಇನ್ನೊಂದು ಸಂಗತಿ: ಶುಲ್ಕದಲ್ಲಿ ಒಂದಷ್ಟು ಭಾಗ ನಿಗದಿತ ಮೊತ್ತವಾದ್ದರಿಂದ ಅಗ್ಗದ ಟಿಕೆಟ್‌ಗಳ ಮೇಲೆ ಅದರ ಭಾರ ಹೆಚ್ಚು. 2023ರಲ್ಲಿ ದ ಕ್ಯೂರ್ ತಂಡ ಅಮೆರಿಕ ಪ್ರವಾಸಕ್ಕೆ 20 ಡಾಲರ್‌ನಿಂದ ಟಿಕೆಟ್ ಇಟ್ಟಾಗ, ಅಗ್ಗದ ಟಿಕೆಟ್ ಕೊಂಡವರಲ್ಲಿ ಕೆಲವರಿಗೆ ಶುಲ್ಕವೇ ಟಿಕೆಟ್‌ಗಿಂತ ಹೆಚ್ಚಾಯಿತು. ಗಾಯಕ ರಾಬರ್ಟ್ ಸ್ಮಿತ್ ಬಹಿರಂಗವಾಗಿ ಸಿಡಿದ ಮೇಲೆ ಟಿಕೆಟ್ ಮಾರುವ ಕಂಪನಿ ಟಿಕೆಟ್‌ಮಾಸ್ಟರ್ ಅತಿ ಅಗ್ಗದ ಟಿಕೆಟ್‌ಗೆ 10 ಡಾಲರ್, ಉಳಿದವಕ್ಕೆ 5 ಡಾಲರ್ ಹಿಂತಿರುಗಿಸಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಮೇ 12ರಿಂದ ಜಾರಿಗೆ ತಂದ ನಿಯಮದಂತೆ ಅಲ್ಲೀಗ ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಮೊತ್ತವನ್ನೇ ಮೊದಲು ತೋರಿಸಬೇಕು. ಇಂಥ ನಿಯಮ ಇಲ್ಲದ ಕಡೆ ಕೊನೆಯ ಪುಟದ ಮೊತ್ತ ನೋಡುವವರೆಗೆ ಯಾವ ಎರಡು ಸೀಟನ್ನೂ ಹೋಲಿಸಬಾರದು.

ಎರಡನೆಯದು, ಒಂದೇ ಬಗೆಯ ಸೀಟಿಗೆ ಹಲವು ದರ. ಓಯಸಿಸ್ ತಂಡದ ಮರುಮಿಲನ ಪ್ರವಾಸದ ಟಿಕೆಟ್‌ಗಳು 2024ರ ಆಗಸ್ಟ್ 31ರಂದು ಬ್ರಿಟನ್‌ನಲ್ಲಿ ಮಾರಾಟಕ್ಕೆ ಬಂದವು. ಸುಮಾರು 150 ಪೌಂಡ್ ಎಂದುಕೊಂಡು ಗಂಟೆಗಟ್ಟಲೆ ಕಾದವರಿಗೆ ನಿಂತು ನೋಡುವ ಟಿಕೆಟ್ ಸಿಕ್ಕಿದ್ದು 355 ಪೌಂಡ್ ದರಕ್ಕೆ. ಕಂಪ್ಯೂಟರ್ ಬೇಡಿಕೆ ನೋಡಿ ಕ್ಷಣಕ್ಷಣಕ್ಕೂ ದರ ಏರಿಸಿತು ಎಂದೇ ಎಲ್ಲರೂ ಬೈದರು. ಅಲ್ಲಿನ ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸಿಎಂಎ ತನಿಖೆ ಮಾಡಿದಾಗ ಕಂಡದ್ದು ಬೇರೆಯೇ. ನಿಂತು ನೋಡುವ ಟಿಕೆಟ್‌ಗಳಿಗೆ ಮೊದಲೇ ಎರಡು ದರ ನಿಗದಿಯಾಗಿತ್ತು. ಅಗ್ಗದವು ಖಾಲಿಯಾದ ಮೇಲೆ ದುಬಾರಿಯವನ್ನು ಬಿಡುಗಡೆ ಮಾಡಲಾಗಿತ್ತು. ಹೀಗೆಂದು ಕಾಯುತ್ತಿದ್ದವರಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲ. ಜತೆಗೆ, ‘ಪ್ಲಾಟಿನಂ’ ಹಣೆಪಟ್ಟಿಯ ಕೆಲವು ಟಿಕೆಟ್‌ಗಳನ್ನು ಸಾದಾ ಟಿಕೆಟ್‌ನ ಸುಮಾರು ಎರಡೂವರೆ ಪಟ್ಟು ದರಕ್ಕೆ ಮಾರಲಾಗಿತ್ತು. ಅವುಗಳಿಗೆ ಹೆಚ್ಚುವರಿ ಸೌಲಭ್ಯ ಇರಲಿಲ್ಲ, ಎಷ್ಟೋ ಸಲ ಜಾಗವೂ ಸಾದಾ ಟಿಕೆಟ್‌ನವರ ಪಕ್ಕದ್ದೇ. ದರ ಶ್ರೇಣಿ ಇದ್ದರೆ 24 ಗಂಟೆ ಮೊದಲೇ ತಿಳಿಸುವುದಾಗಿ, ಸರದಿಯಲ್ಲಿರುವಾಗಲೇ ದರಗಳನ್ನು ತೋರಿಸುವುದಾಗಿ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್‌ಮಾಸ್ಟರ್ ಒಪ್ಪಿಕೊಂಡಿತು.

ಕೊಳ್ಳುವವರ ಮಟ್ಟಿಗೆ ಈ ವ್ಯತ್ಯಾಸ ಮುಖ್ಯ. ಶ್ರೇಣಿ ಪದ್ಧತಿಯಲ್ಲಿ ಅಗ್ಗದ್ದು ಮುಗಿದರೆ ಮುಗಿಯಿತು. ನಿಜವಾದ ಡೈನಾಮಿಕ್ ಪ್ರೈಸಿಂಗ್, ಅಂದರೆ ಬೇಡಿಕೆಯಂತೆ ಏರಿಳಿಯುವ ದರ ಇದ್ದಲ್ಲಿ ಮೊದಲ ದಿನದ ಆವೇಶ ಇಳಿದ ಮೇಲೆ ದರವೂ ಇಳಿಯಬಹುದು. 2022ರ ಜುಲೈಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಪ್ರವಾಸದ ಕೆಲವು ಸೀಟುಗಳು 5,000 ಡಾಲರ್‌ವರೆಗೂ ಹೋಗಿ ಗದ್ದಲವೆದ್ದಿತು. ಹಾಗೆ ಏರಿಳಿಯುವ ದರದಲ್ಲಿ ಹೋದವು ಒಟ್ಟು ಟಿಕೆಟ್‌ಗಳಲ್ಲಿ ಶೇ 12ಕ್ಕಿಂತ ಕಡಿಮೆ ಎಂದು ಮಾರಾಟಗಾರರು ಸಮಜಾಯಿಷಿ ಕೊಟ್ಟರು. ಆ ಮೊತ್ತ ನೋಡಿ ಬೆಚ್ಚಿದವರು ಇಡೀ ಸಭಾಂಗಣದ ದರವೇ ಅಷ್ಟು ಎಂದುಕೊಳ್ಳುವುದು ಸಹಜ. ಆದ್ದರಿಂದ ನಕ್ಷೆ ತೆರೆದ ಕೂಡಲೇ ಪ್ಲಾಟಿನಂ, ಪ್ಯಾಕೇಜ್, ಮರುಮಾರಾಟ ಇವನ್ನೆಲ್ಲ ಫಿಲ್ಟರ್‌ನಲ್ಲಿ ಮರೆಮಾಡಿ ಸಾದಾ ಟಿಕೆಟ್ ಮಾತ್ರ ಉಳಿಸಿಕೊಳ್ಳಿ.

ವಿಐಪಿ ಪ್ಯಾಕೇಜ್‌ಗೆ ಒಂದು ಕಳೆಯುವ ಲೆಕ್ಕ ಸಾಕು. ಪ್ಯಾಕೇಜ್ ದರದಿಂದ ಅದೇ ಬ್ಲಾಕಿನ ಸಾದಾ ಸೀಟಿನ ದರ ಕಳೆಯಿರಿ. ಉಳಿದದ್ದು ಚೀಲ, ಪೋಸ್ಟರ್, ಕೊರಳಿಗೆ ಹಾಕುವ ಪಟ್ಟಿ, ಬೇಗ ಒಳಬಿಡುವ ಸೌಲಭ್ಯ ಇವುಗಳ ಬೆಲೆ. ನಿಂತು ನೋಡುವ ಜಾಗಕ್ಕಾದರೆ ಬೇಗ ಒಳಹೋಗುವುದಕ್ಕೆ ಬೆಲೆಯುಂಟು. ನಂಬರ್ ಹಾಕಿದ ಸೀಟಿಗೆ ಅದರಿಂದ ಏನೂ ಇಲ್ಲ.

ಎಲ್ಲ ಸೀಟೂ ಮಾರಾಟಕ್ಕೆ ಬರುವುದಿಲ್ಲ

ಇಪ್ಪತ್ತು ಸಾವಿರ ಸೀಟಿನ ಅರೀನಾ (ದೊಡ್ಡ ಒಳಾಂಗಣ ಕ್ರೀಡಾಂಗಣ) ಎಂದರೆ ಇಪ್ಪತ್ತು ಸಾವಿರ ಟಿಕೆಟ್ ಎಂದಲ್ಲ. ವೇದಿಕೆಯ ಹಿಂಭಾಗ ಮುಚ್ಚಿದರೆ ಅಲ್ಲೇ ದೊಡ್ಡ ಪಾಲು ಹೋಯಿತು. ಉಳಿದದ್ದರಲ್ಲಿ ಕಲಾವಿದರ ಕಡೆಯವರಿಗೆ, ಪ್ರಾಯೋಜಕರಿಗೆ, ಕ್ರೆಡಿಟ್ ಕಾರ್ಡ್ ಗ್ರಾಹಕರಿಗೆ, ಫ್ಯಾನ್ ಕ್ಲಬ್‌ಗೆ ಎಂದು ಪಾಲು ಹಂಚಿಹೋಗುತ್ತದೆ. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2016ರಲ್ಲಿ ಪ್ರಕಟಿಸಿದ ತನಿಖಾ ವರದಿಯಲ್ಲಿ, ಜನಪ್ರಿಯ ಕಾರ್ಯಕ್ರಮಗಳ ಟಿಕೆಟ್‌ಗಳಲ್ಲಿ ಸರಾಸರಿ ಶೇ 54ರಷ್ಟು ಹೀಗೆ ಕಾದಿರಿಸಿದವು ಅಥವಾ ಸಾರ್ವಜನಿಕ ಮಾರಾಟಕ್ಕೆ ಮುಂಚೆ ಆಯ್ದವರಿಗೆ ನಡೆಯುವ ಪ್ರಿಸೇಲ್‌ನಲ್ಲಿ ಹೋದವು. ಸಾರ್ವಜನಿಕ ಮಾರಾಟಕ್ಕೆ ಬಂದದ್ದು ಶೇ 46 ಮಾತ್ರ. ಪ್ರಿಸೇಲ್ ತಪ್ಪಿಸಿಕೊಂಡು ಸಾರ್ವಜನಿಕ ಮಾರಾಟಕ್ಕೆ ಕಾಯುವವರು ಅರ್ಧಕ್ಕಿಂತ ಕಡಿಮೆ ಸೀಟುಗಳಿಗಾಗಿ ಹೊಡೆದಾಡುತ್ತಾರೆ ಎಂದಾಯಿತು. ಪ್ರಿಸೇಲ್‌ನಲ್ಲೂ ಭರವಸೆ ಏನಿಲ್ಲ: ಟೇಲರ್ ಸ್ವಿಫ್ಟ್ ಅವರ ಎರಾಸ್ ಪ್ರವಾಸದ ಅಮೆರಿಕ ಪ್ರಿಸೇಲ್‌ಗೆ 35 ಲಕ್ಷ ಮಂದಿ ಹೆಸರು ನೋಂದಾಯಿಸಿದ್ದರು. 2022ರ ನವೆಂಬರ್ 15ರ ಒಂದೇ ದಿನ 20 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿ, ಸಾರ್ವಜನಿಕ ಮಾರಾಟವನ್ನೇ ರದ್ದು ಮಾಡಬೇಕಾಯಿತು.

ಹೀಗೆ ಹಿಡಿದಿಟ್ಟ ಸೀಟುಗಳಲ್ಲಿ ಕೆಲವು ಅಭಿಮಾನಿಗಳಿಗೆ ಮರಳಿ ಬರುತ್ತವೆ. ವೇದಿಕೆ ಎಷ್ಟು ದೊಡ್ಡದು, ಧ್ವನಿ ಹೊಂದಿಸುವ ಮಿಕ್ಸರ್ ಎಲ್ಲಿ, ಕ್ಯಾಮೆರಾ ಎಲ್ಲಿ ಎಂಬುದು ಟಿಕೆಟ್ ಬಿಡುವ ಹೊತ್ತಿಗೆ ಖಚಿತವಾಗಿರುವುದಿಲ್ಲ. ಅದಕ್ಕಾಗಿ ಸುತ್ತಮುತ್ತಲ ಸೀಟುಗಳನ್ನು ತಡೆಹಿಡಿದಿರುತ್ತಾರೆ. ಇವುಗಳ ವಿಷಯಕ್ಕೆ ಮುಂದೆ ಬರೋಣ.

ದೂರವನ್ನು ಹೆಬ್ಬೆರಳಲ್ಲಿ ಅಳೆಯುವುದು

ಇಲ್ಲಿಂದ ಸೀಟಿನ ಮಾತು. ಕೈ ನೇರ ಚಾಚಿದರೆ ಕಣ್ಣಿನಿಂದ ಹೆಬ್ಬೆರಳಿಗೆ ಸುಮಾರು 60 ಸೆಂ.ಮೀ. ಆ ದೂರದಲ್ಲಿ ಒಂದು ಸ್ಕೇಲ್ ಹಿಡಿದರೆ, 1.7 ಮೀಟರ್ ಎತ್ತರದ ಗಾಯಕಿ 10 ಮೀಟರ್ ದೂರದಲ್ಲಿ ಸ್ಕೇಲಿನ ಮೇಲೆ 10 ಸೆಂ.ಮೀ. ಎತ್ತರ ಕಾಣುತ್ತಾಳೆ. 20 ಮೀಟರ್‌ನಲ್ಲಿ 5 ಸೆಂ.ಮೀ., 50 ಮೀಟರ್‌ನಲ್ಲಿ 2 ಸೆಂ.ಮೀ., ಅಂದರೆ ಹೆಬ್ಬೆರಳಿನ ಅಗಲದಷ್ಟು. 100 ಮೀಟರ್‌ನಲ್ಲಿ 1 ಸೆಂ.ಮೀ. ಈ ನಾಲ್ಕು ಅಂಕಿಗಳಲ್ಲಿ ಒಂದು ಪಾಠವಿದೆ. 10ರಿಂದ 20 ಮೀಟರ್‌ಗೆ ಹಿಂದೆ ಸರಿದರೆ 5 ಸೆಂ.ಮೀ. ನಷ್ಟ, 50ರಿಂದ 60 ಮೀಟರ್‌ಗೆ ಸರಿದರೆ ಮೂರು ಮಿಲಿಮೀಟರ್. ಮುಖಭಾವ ಬರಿಗಣ್ಣಿಗೆ ಕಾಣಬೇಕೆಂದರೆ 20 ಮೀಟರ್ ಆಸುಪಾಸಿನ ಒಳಗೇ ಇರಬೇಕು, ಅದಕ್ಕೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆ. 45 ಮೀಟರ್ ದಾಟಿದ ಮೇಲೆ ಹೇಗಿದ್ದರೂ ಕಣ್ಣು ಪರದೆಯ ಮೇಲೇ ಇರುತ್ತದೆ. ಅಲ್ಲಿ ಹತ್ತು ಸಾಲು ಮುಂದೆ ಹೋಗಲು ದುಡ್ಡು ಸುರಿಯುವುದು ದಂಡ. ಮಧ್ಯಮ ದರದ ಬ್ಲಾಕುಗಳು ಹೆಚ್ಚಾಗಿ ಬೀಳುವುದು ಇದೇ ವಲಯದಲ್ಲಿ. ದರದಲ್ಲಿ ದೊಡ್ಡ ಅಂತರ, ಕಣ್ಣಿಗೆ ಮಿಲಿಮೀಟರ್‌ಗಳ ಅಂತರ.

ಎಷ್ಟು ಮೀಟರ್ ಎಂದು ನಕ್ಷೆಯಿಂದಲೇ ಅಂದಾಜಿಸಬಹುದು. ಐಸ್ ಹಾಕಿ ಆಡಲು ಕಟ್ಟಿದ ಅರೀನಾಗಳ ನೆಲದ ಅಳತೆ ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಕುರ್ಚಿ ಸಾಲಿಗೆ ಸಾಲಿಗೆ ನಡುವೆ ಸುಮಾರು 90 ಸೆಂ.ಮೀ. ವೇದಿಕೆ ಮತ್ತು ತಡೆಬೇಲಿಯ ನಡುವಿನ ಅಂತರವನ್ನೂ ಸೇರಿಸಿದರೆ ನೆಲದ 25ನೇ ಸಾಲು ವೇದಿಕೆಯಿಂದ ಸುಮಾರು 25 ಮೀಟರ್. ಈಗ ಪಕ್ಕದ ಇಳಿಜಾರು ಗ್ಯಾಲರಿಯಲ್ಲಿ, ವೇದಿಕೆಯ ಅಂಚಿನಿಂದ 10 ಮೀಟರ್ ಮುಂದಕ್ಕೆ ಇರುವ ಬ್ಲಾಕಿನ ಮೊದಲ ಸಾಲುಗಳನ್ನು ನೋಡಿ. ವೇದಿಕೆಯ ನಡುವಿನಿಂದ ನೇರ ಮುಂದಕ್ಕೆ ಎಳೆದ ನಡುಗೆರೆಯಿಂದ ಪಕ್ಕಕ್ಕೆ 15 ಮೀಟರ್ ಎಂದಿಟ್ಟುಕೊಂಡರೆ ನೇರ ದೂರ 18 ಮೀಟರ್. ನೆಲದ 25ನೇ ಸಾಲಿಗಿಂತ ಹತ್ತಿರ, ಎತ್ತರವೂ ಹೆಚ್ಚು. ದರ ಎಷ್ಟೋ ಕಾರ್ಯಕ್ರಮಗಳಲ್ಲಿ ಕಡಿಮೆ, ಯಾಕೆಂದರೆ ಅದು ‘ನೆಲದ ಸೀಟು’ ಅಲ್ಲ.

ಸಮತಟ್ಟು ನೆಲದ ಸಮಸ್ಯೆ

ಅರೀನಾದ ನೆಲಕ್ಕೆ ಇಳಿಜಾರಿಲ್ಲ. ಮೊದಲ ಹಾಡಿಗೇ ಮುಂದಿನವರು ಎದ್ದು ನಿಲ್ಲುತ್ತಾರೆ, ಆಮೇಲೆ ಎಲ್ಲರೂ ನಿಲ್ಲಲೇಬೇಕು. ನಿಮ್ಮ ಕಣ್ಣು ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ, 90 ಸೆಂ.ಮೀ. ಮುಂದೆ 1.75 ಮೀಟರ್ ಎತ್ತರದವರು ನಿಂತಿದ್ದಾರೆ ಎಂದುಕೊಳ್ಳಿ. ಅವರ ತಲೆ 20 ಮೀಟರ್ ಆಚೆ ಸುಮಾರು 7 ಮೀಟರ್ ಎತ್ತರದವರೆಗೂ ಮರೆ ಮಾಡುತ್ತದೆ. ವೇದಿಕೆ 1.8 ಮೀಟರ್, ಅದರ ಮೇಲೆ ಕಲಾವಿದರು. ಎರಡೂ ಸೇರಿ ನಾಲ್ಕು ಮೀಟರ್ ಆಗುವುದಿಲ್ಲ. ತಲೆಗಳ ನಡುವಿನ ಸಂದಿಯಲ್ಲಿ ಕಂಡಷ್ಟೇ ಭಾಗ್ಯ. ಎತ್ತರದವರಿಗೆ ಈ ಲೆಕ್ಕ ಅನ್ವಯಿಸದು. ಕುಳ್ಳಗಿನವರು, ಮಕ್ಕಳನ್ನು ಕರೆತರುವವರು ನೆಲದ ಹತ್ತನೇ ಸಾಲಿನ ಆಚೆಗೆ ದೊಡ್ಡ ಮೊತ್ತ ಕೊಡುವುದು ನನ್ನ ಪ್ರಕಾರ ಇಡೀ ಅರೀನಾದಲ್ಲೇ ಅತಿ ನಷ್ಟದ ವ್ಯಾಪಾರ. ಅನಿವಾರ್ಯವಾದರೆ ನಡುದಾರಿಯ ಪಕ್ಕದ ಸೀಟು ಹಿಡಿಯಿರಿ: ಒಂದು ಕಡೆಯಾದರೂ ತೆರವಾಗಿರುತ್ತದೆ.

ಇಳಿಜಾರು ಗ್ಯಾಲರಿಯಲ್ಲಿ ಪ್ರತಿ ಸಾಲೂ ಮುಂದಿನದಕ್ಕಿಂತ 30–40 ಸೆಂ.ಮೀ. ಎತ್ತರ ಇದ್ದರೆ ಇದೇ 1.75 ಮೀಟರ್ ವ್ಯಕ್ತಿಯ ತಲೆ ನಿಮ್ಮ ಕಣ್ಣಿನ ಮಟ್ಟದ ಕೆಳಗೆ ಬೀಳುತ್ತದೆ. ಕೆಳ ಗ್ಯಾಲರಿಯ ಮೊದಲ ಕೆಲವು ಸಾಲುಗಳಲ್ಲಿ ಮಾತ್ರ ಇಳಿಜಾರು ಕಡಿಮೆ ಇರುವುದುಂಟು. ಅಲ್ಲಿ ನೆಲದವರು ಎದ್ದು ನಿಂತರೆ ಅವರ ತಲೆಗಳೂ ಅಡ್ಡ ಬರುತ್ತವೆ. ಐದರಿಂದ ಹದಿನೈದನೇ ಸಾಲಿನ ನಡುವೆ ಇದ್ದರೆ ಈ ಎರಡೂ ತೊಂದರೆ ಇಲ್ಲ. ಮೇಲಿನ ಗ್ಯಾಲರಿಯ ಮೊದಲ ಸಾಲು ಕೊಳ್ಳುವವರು ಅಲ್ಲಿ ಸುರಕ್ಷತೆಗೆ ಹಾಕಿದ ಕಂಬಿ ಇರುತ್ತದೆ ಎಂಬುದನ್ನು ನೆನಪಿಡಬೇಕು. ಕುಳಿತಾಗ ಅದು ಸರಿಯಾಗಿ ವೇದಿಕೆಯ ಮೇಲೆ ಗೆರೆ ಎಳೆದಂತೆ ಕಾಣುತ್ತದೆ. ಎರಡು ಮೂರು ಸಾಲು ಹಿಂದೆ ಹೋದರೆ ಸಾಕು, ಮರೆ ಇಲ್ಲ.

ವೇದಿಕೆಯ ಆಕಾರ ನೋಡದೆ ಸೀಟು ಆರಿಸಬೇಡಿ

ನಕ್ಷೆಯಲ್ಲಿ ವೇದಿಕೆ ಒಂದು ಬೂದು ಚೌಕ ಮಾತ್ರ. ನಿಜವಾದ ವೇದಿಕೆಗೆ ಪ್ರೇಕ್ಷಕರ ನಡುವೆ ಚಾಚಿದ ದಾರಿ ಇರಬಹುದು, ಆ ದಾರಿಯ ತುದಿಯಲ್ಲಿ ಚಿಕ್ಕದೊಂದು ಎರಡನೇ ವೇದಿಕೆ ಇರಬಹುದು. ಹಾಗಿದ್ದರೆ ನೆಲದ ಹಿಂಭಾಗ ಮತ್ತು ಪಕ್ಕದ ಗ್ಯಾಲರಿಯ ಮಧ್ಯದ ಬ್ಲಾಕುಗಳ ಭಾಗ್ಯ ತೆರೆಯಿತು. ಎರಡನೇ ವೇದಿಕೆಯ ಮೇಲೆ ಹಾಡುವ ನಾಲ್ಕಾರು ಹಾಡುಗಳಿಗೆ ಅಲ್ಲಿನವರೇ ಮುಂದಿನ ಸಾಲಿನವರು. ಪ್ರವಾಸ ಈಗಾಗಲೇ ಬೇರೆ ಊರಿನಲ್ಲಿ ಆರಂಭವಾಗಿದ್ದರೆ ಅಲ್ಲಿನ ವಿಡಿಯೊ ನೋಡಿ ಇದನ್ನು ಖಚಿತ ಮಾಡಿಕೊಳ್ಳಬಹುದು. ಮೊದಲ ಊರಿನವರಿಗೆ ಈ ಅನುಕೂಲವಿಲ್ಲ.

ವೇದಿಕೆ ಸಭಾಂಗಣದ ನಡುವೆ ಇರುವ ಬಗೆಯೂ ಇದೆ. ಯು2 ತಂಡ 2009ರಿಂದ 2011ರವರೆಗೆ ಮಾಡಿದ 360 ಡಿಗ್ರಿ ಪ್ರವಾಸ ಕ್ರೀಡಾಂಗಣಗಳಲ್ಲಿ ಇದನ್ನು ದೊಡ್ಡ ಪ್ರಮಾಣಕ್ಕೆ ತಂದಿತು. ಮೆಟಾಲಿಕಾ 2023ರಲ್ಲಿ ಆರಂಭಿಸಿದ ಎಂ72 ಪ್ರವಾಸದಲ್ಲಿ ವೇದಿಕೆಯೇ ಬಳೆಯಾಕಾರ, ಅದರೊಳಗೂ ಪ್ರೇಕ್ಷಕರು. ಇಲ್ಲಿ ‘ಹಿಂಭಾಗ’ ಎಂಬುದಿಲ್ಲ, ಸರಾಸರಿ ದೂರವೂ ಕಡಿಮೆ. ಆದರೆ ಗಾಯಕರ ಬೆನ್ನು ನೋಡುವ ಸರದಿ ಎಲ್ಲರಿಗೂ ಬರುತ್ತದೆ.

ವೇದಿಕೆ ಒಂದು ತುದಿಯಲ್ಲಿದ್ದರೆ ಕೋನ ನೋಡಬೇಕು. ವೇದಿಕೆಯ ಮುಂಭಾಗದ ಗೆರೆಯನ್ನು ಪಕ್ಕಕ್ಕೆ ಎಳೆದರೆ ಅದು ಹಾದುಹೋಗುವ ಬ್ಲಾಕಿನವರಿಗೆ ಕಲಾವಿದರು ಹತ್ತಿರ, ಆದರೆ ಪಕ್ಕದಿಂದ; ಹಿಂದಿನ ದೊಡ್ಡ ಪರದೆ ಬಹುಮಟ್ಟಿಗೆ ಕಾಣದು. ಅಲ್ಲಿಂದ ಇನ್ನೂ ಹಿಂದಕ್ಕೆ ಸರಿದರೆ ತೂಗುಹಾಕಿದ ಸ್ಪೀಕರ್ ಸಾಲು ಅಡ್ಡ ಬರುತ್ತದೆ. ಮೇಲಿನ ಗ್ಯಾಲರಿಯ ಪಕ್ಕದವರಿಗೆ ಇದರ ಹೊಡೆತ ಜಾಸ್ತಿ. ನರ್ತನ, ದೀಪವಿನ್ಯಾಸ, ಪರದೆಯ ಚಿತ್ರಗಳೇ ಪ್ರಧಾನವಾದ ಕಾರ್ಯಕ್ರಮಕ್ಕೆ ಎದುರಿನಿಂದ, ಕೊಂಚ ಎತ್ತರದಿಂದ ನೋಡುವುದೇ ಸರಿ. ಎದುರು ತುದಿಯ ಕೆಳ ಗ್ಯಾಲರಿ ದೂರವಿದ್ದರೂ ಇಡೀ ವಿನ್ಯಾಸ ತಯಾರಾಗುವುದು ಆ ಕಣ್ಣಿಗೆ. ಒಬ್ಬರೇ ಗಿಟಾರ್ ಹಿಡಿದು ಕೂರುವ ಕಾರ್ಯಕ್ರಮಕ್ಕೆ ಪಕ್ಕದ ಹತ್ತಿರದ ಸೀಟು ಹೆಚ್ಚು ಬಾಳುತ್ತದೆ.

ಹತ್ತಿರವೇ ತಪ್ಪಾಗುವ ಕಟ್ಟಡವೂ ಉಂಟು. 2023ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ತೆರೆದ ಸ್ಫಿಯರ್ ಸುಮಾರು 17,600 ಸೀಟಿನದು. ಅಲ್ಲಿ ತಲೆಯ ಮೇಲೆ ಬಾಗಿದ ಪರದೆಯೇ ಮುಖ್ಯ ಆಕರ್ಷಣೆ. ಕೆಳಗಿನ, 100ರ ಸರಣಿಯ ಸಂಖ್ಯೆಯ ಬ್ಲಾಕುಗಳ ಹಿಂದಿನ ಸಾಲುಗಳ ಮೇಲೆ ಮೇಲಂತಸ್ತು ಚಾವಣಿಯಂತೆ ಚಾಚಿರುವುದರಿಂದ ಪರದೆಯ ಮೇಲ್ಭಾಗ ಅಲ್ಲಿಗೆ ಕಾಣುವುದೇ ಇಲ್ಲ. ಇನ್ನೂ ದೂರದ, ಎತ್ತರದ ಸೀಟಿನವರಿಗೆ ಪೂರ್ತಿ ಕಾಣುತ್ತದೆ.

ಸೀಟಿನಿಂದ ತೆಗೆದ ಫೋಟೊಗಳನ್ನು ಅಭಿಮಾನಿಗಳು ಹಂಚಿಕೊಳ್ಳುವ ತಾಣಗಳಿವೆ. ಉಪಯುಕ್ತವೇ, ಆದರೆ ಎರಡು ಎಚ್ಚರಿಕೆ ಬೇಕು. ಫೋಟೊ ಬಾಸ್ಕೆಟ್‌ಬಾಲ್ ಪಂದ್ಯದ್ದೋ ಕಾನ್ಸರ್ಟಿನದೋ ನೋಡಿ. ಪಂದ್ಯಕ್ಕೆ ಅತ್ಯುತ್ತಮವಾದ ಮಧ್ಯದ ಬ್ಲಾಕು ಕಾನ್ಸರ್ಟಿಗೆ ಕತ್ತು ತಿರುಗಿಸಿ ಕೂರುವ ಜಾಗ. ಮೊಬೈಲಿನ ಮುಖ್ಯ ಲೆನ್ಸ್ ಅಗಲ ಕೋನದ್ದಾದ್ದರಿಂದ ವೇದಿಕೆ ಕಣ್ಣಿಗೆ ಕಾಣುವುದಕ್ಕಿಂತ ದೂರ ಕಾಣುತ್ತದೆ. ಜೂಮ್ ಮಾಡಿದ ಫೋಟೊ ಇದರ ಉಲ್ಟಾ.

ಸಾಲಿನ ಹೆಸರಲ್ಲೂ ಗೊಂದಲವಿದೆ. ಎ ಸಾಲೇ ಮೊದಲನೆಯದು ಎಂಬ ನಿಯಮ ಇಲ್ಲ. ಅದರ ಮುಂದೆ ಎಎ, ಬಿಬಿ ಎಂದು ಹೆಚ್ಚುವರಿ ಸಾಲುಗಳು ಇರಬಹುದು. ಕೆಲವು ಬ್ಲಾಕುಗಳಲ್ಲಿ ಸಾಲಿನ ಸಂಖ್ಯೆ 1ರಿಂದ ಶುರುವಾಗದೆ ನಡುವಿನಿಂದ ಶುರುವಾಗುತ್ತದೆ. ಅಂಕಿ ಬಿಟ್ಟು ನಕ್ಷೆಯ ಚುಕ್ಕಿ ನೋಡಿ.

ಕಿವಿಯ ಲೆಕ್ಕ

ಹಣ ಕೊಟ್ಟು ಕೇಳಲು ಹೋಗುವವರು ಧ್ವನಿಯನ್ನು ಸೀಟು ಆರಿಸುವಾಗ ಮರೆತೇಬಿಡುತ್ತಾರೆ. ಸೌಂಡ್ ಎಂಜಿನಿಯರ್ ಕೂರುವ ಮಿಕ್ಸರ್ ಜಾಗ ಅರೀನಾದಲ್ಲಿ ಸಾಮಾನ್ಯವಾಗಿ ವೇದಿಕೆಯಿಂದ 25–35 ಮೀಟರ್ ದೂರದಲ್ಲಿ, ನಡುಗೆರೆಯ ಆಸುಪಾಸಿನಲ್ಲಿ ಇರುತ್ತದೆ. ಆತ ಸರಿ ಎಂದು ತೀರ್ಮಾನಿಸುವುದು ಅಲ್ಲಿ ಕೇಳಿದ ಧ್ವನಿಯನ್ನು. ಅದರ ಹಿಂದಿನ, ಪಕ್ಕದ ಸೀಟುಗಳಿಗೆ ಎಡಬಲದ ಸ್ಪೀಕರ್ ಸಾಲುಗಳೆರಡೂ ಸಮವಾಗಿ ಕೇಳಿಸುತ್ತವೆ. ತೀರಾ ಮುಂದಿನ ಸಾಲುಗಳಲ್ಲಿ ಮೇಲೆ ತೂಗಿದ ಸ್ಪೀಕರ್‌ಗಳ ಧ್ವನಿ ತಲೆಯ ಮೇಲಿಂದ ಹಾದುಹೋಗುತ್ತದೆ. ಅಲ್ಲಿನವರಿಗೆಂದು ವೇದಿಕೆಯ ಅಂಚಿನಲ್ಲಿ ಚಿಕ್ಕ ಸ್ಪೀಕರ್ ಇಡುತ್ತಾರಾದರೂ ಡ್ರಮ್ಮಿನ, ತಗ್ಗು ಸ್ವರಗಳ ಸ್ಪೀಕರ್ ಆದ ಸಬ್‌ವೂಫರ್‌ನ ಅಬ್ಬರದಲ್ಲಿ ಹಾಡಿನ ಮಾತು ಮುಳುಗುವುದುಂಟು. ಎಡಬಲಕ್ಕೆ ಇಟ್ಟ ಸಬ್‌ವೂಫರ್‌ಗಳ ನಾದ ನಡುಗೆರೆಯ ಉದ್ದಕ್ಕೂ ಕೂಡಿಕೊಂಡು ಜೋರಾಗುತ್ತದೆ, ಅದರಿಂದ ಪಕ್ಕಕ್ಕೆ ಸರಿದರೆ ಕೆಲವು ಕಡೆ ತೆಳುವಾಗುತ್ತದೆ. ಎದೆ ನಡುಗಬೇಕು ಎನ್ನುವವರು ನಡುವೆ ಇರಿ, ಮಾತು ಸ್ಪಷ್ಟ ಬೇಕು ಎನ್ನುವವರು ಕೊಂಚ ಪಕ್ಕಕ್ಕೆ.

ಕೊನೆಯ ಸಾಲುಗಳ ತೊಂದರೆ ಬೇರೆ. ಹಿಂದಿನ ಗೋಡೆಗೆ ಬಡಿದ ಧ್ವನಿ ಮರಳಿ ಬಂದು ಮೂಲ ಧ್ವನಿಯ ಮೇಲೆ ಬೀಳುತ್ತದೆ. ಮೇಲಂತಸ್ತಿನ ಅಡಿಯಲ್ಲಿ ಕುಳಿತವರಿಗೆ ಸ್ಪೀಕರ್ ನೇರ ಕಾಣದಿದ್ದರೆ ತಾರ ಸ್ವರಗಳು ಮಂಕಾಗುತ್ತವೆ. ಸ್ಪೀಕರ್ ಕಾಣದ ಸೀಟಿನಲ್ಲಿ ಧ್ವನಿಯೂ ಸರಿಯಿರದು ಎಂದು ಇಟ್ಟುಕೊಳ್ಳಬಹುದು. ಇನ್ನು ವೇಗದ ಪ್ರಶ್ನೆ: ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 70 ಮೀಟರ್ ದೂರದವರಿಗೆ ಅದು ಮುಟ್ಟಲು 0.2 ಸೆಕೆಂಡ್ ಬೇಕು. ಗಾಯಕರ ತುಟಿಗೂ ಹಾಡಿಗೂ ಹೊಂದುತ್ತಿಲ್ಲ ಎಂದು ಮೇಲಿನವರು ಗೊಣಗುವುದಕ್ಕೆ ಇದೇ ಕಾರಣ, ಅದು ತುಟಿ ಹೊಂದಿಸುವ ಮೋಸವಲ್ಲ.

ಜೋರು ಎಂಬುದಕ್ಕೂ ಮಿತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕಾರ್ಯಕ್ರಮಗಳಿಗೆ ಸೂಚಿಸಿದ ಗರಿಷ್ಠ ಸರಾಸರಿ ಮಟ್ಟ 100 ಡೆಸಿಬಲ್. ಕೆಲಸದ ಜಾಗಗಳ ಸುರಕ್ಷತಾ ಶಿಫಾರಸಿನಲ್ಲಿ 85 ಡೆಸಿಬಲ್‌ಗೆ ಎಂಟು ಗಂಟೆ, ಪ್ರತಿ 3 ಡೆಸಿಬಲ್ ಏರಿಕೆಗೆ ಅವಧಿ ಅರ್ಧ ಎಂಬ ಲೆಕ್ಕವಿದೆ. ಅದರಂತೆ 100 ಡೆಸಿಬಲ್‌ಗೆ ಹದಿನೈದೇ ನಿಮಿಷ. ಸ್ಪೀಕರ್ ಮುಂದಿನ ದುಬಾರಿ ಜಾಗ ಕೊಂಡವರು ಸಂಗೀತಕ್ಕೆಂದೇ ಮಾಡಿದ ಇಯರ್‌ಪ್ಲಗ್‌ನ ಬೆಲೆಯನ್ನೂ ಟಿಕೆಟ್ ಲೆಕ್ಕಕ್ಕೇ ಸೇರಿಸಿಕೊಳ್ಳುವುದು ವಾಸಿ.

ಸರದಿಗೆ ಮೊದಲೇ ಮಾಡಬೇಕಾದದ್ದು

ನಕ್ಷೆ ತೆರೆದ ಮೇಲೆ ಯೋಚಿಸಲು ಶುರು ಮಾಡಿದವರು ಸೋತಂತೆ. ಹಿಂದಿನ ದಿನವೇ ಮೂರು ಆಯ್ಕೆ ಬರೆದಿಡಿ: ಮೊದಲು ಬೇಕಾದ ಎರಡು ಮೂರು ಬ್ಲಾಕು, ಅವು ಸಿಗದಿದ್ದರೆ ಒಪ್ಪಬಹುದಾದವು, ಮತ್ತು ಯಾವ ದರಕ್ಕೂ ಬೇಡವಾದವು. ಪಕ್ಕದಲ್ಲಿ ಶುಲ್ಕ ಸೇರಿ ಒಬ್ಬರಿಗೆ ಗರಿಷ್ಠ ಮೊತ್ತ. ಪ್ರಯಾಣ, ತಂಗುವ ಖರ್ಚು ಇದ್ದರೆ ಅದನ್ನು ಮೊದಲೇ ಕಳೆದು ಈ ಮೊತ್ತ ಬರೆಯಬೇಕು. ಗಂಟೆಗಟ್ಟಲೆ ಕಾದ ಮೇಲೆ ‘ಇಷ್ಟು ಕಾದೆನಲ್ಲ’ ಎಂಬ ಒಂದೇ ಕಾರಣಕ್ಕೆ ಮಿತಿ ದಾಟುವವರೇ ಹೆಚ್ಚು, ದರ ಶ್ರೇಣಿಗಳು ಕೆಲಸ ಮಾಡುವುದೂ ಈ ದೌರ್ಬಲ್ಯದ ಮೇಲೆಯೇ.

ಖಾತೆಗೆ ಮೊದಲೇ ಲಾಗಿನ್ ಆಗಿ ಕಾರ್ಡಿನ ವಿವರ ಉಳಿಸಿರಬೇಕು. ಬ್ಯಾಂಕಿನ ಒಟಿಪಿ ಬರುವ ಫೋನ್ ಕೈಯಲ್ಲಿರಬೇಕು, ಕಾರ್ಡಿನ ಆನ್‌ಲೈನ್ ಮಿತಿ ನಾಲ್ಕು ಟಿಕೆಟ್‌ಗೆ ಸಾಲುವಷ್ಟಿರಬೇಕು. ವಿದೇಶಿ ತಾಣವಾದರೆ ಅಂತರರಾಷ್ಟ್ರೀಯ ವಹಿವಾಟು ಚಾಲೂ ಇದೆಯೇ ನೋಡಿ. ಕೈಗೆ ಬಂದ ಸೀಟು ಕಳೆದುಹೋಗುವುದು ಹೆಚ್ಚಾಗಿ ಈ ಹಂತದಲ್ಲೇ. ದೊಡ್ಡ ತಾಣಗಳಲ್ಲಿ ಮಾರಾಟಕ್ಕೆ ಮುಂಚೆ ತೆರೆಯುವ ನಿರೀಕ್ಷಣಾ ಕೊಠಡಿಯೊಳಗೆ ಯಾರು ಮೊದಲು ಬಂದರು ಎಂಬುದು ಲೆಕ್ಕಕ್ಕಿಲ್ಲ, ಶುರುವಾಗುವ ಕ್ಷಣದಲ್ಲಿ ಒಳಗಿರುವವರಿಗೆಲ್ಲ ಯಾದೃಚ್ಛಿಕವಾಗಿ ಸರದಿ ಸಂಖ್ಯೆ ಹಂಚುತ್ತಾರೆ. ಹತ್ತು ನಿಮಿಷ ಮುಂಚೆ ಒಳಗಿದ್ದರೆ ಸಾಕು. ಒಂದೇ ಖಾತೆಯಿಂದ ಹಲವು ಟ್ಯಾಬ್ ತೆರೆದರೆ ಬಾಟ್ (ತಾನಾಗಿ ಟಿಕೆಟ್ ಕೊಳ್ಳುವ ತಂತ್ರಾಂಶ) ಎಂದು ಹೊರದಬ್ಬುವ ಸಾಧ್ಯತೆಯಿದೆ.

ನಾಲ್ಕು ಸೀಟು ಒಟ್ಟಿಗೆ ಸಿಗದಿದ್ದರೆ ಎರಡೆರಡಾಗಿ ಹುಡುಕಿ. ಒಂಟಿ ಸೀಟುಗಳು ಇನ್ನೂ ಮುಂದಿನ ಸಾಲುಗಳಲ್ಲಿ ಉಳಿದಿರುತ್ತವೆ, ಜೋಡಿಗಳ ನಡುವೆ ಬಿಟ್ಟುಹೋದ ಸೀಟುಗಳು ಇವು. ಒಪ್ಪಬಹುದಾದ ಸೀಟು ಕಾರ್ಟಿಗೆ ಬಂದರೆ ಇನ್ನೂ ಒಳ್ಳೆಯದು ಹುಡುಕಲು ಅದನ್ನು ಕೈಬಿಡಬೇಡಿ.

ಕೈತಪ್ಪಿದವರಿಗೆ ಉಳಿದ ದಾರಿ

ಟಿಕೆಟ್ ಖಾಲಿ ಎಂದ ಅರ್ಧ ಗಂಟೆಯಲ್ಲೇ ಮರುಮಾರಾಟದ ತಾಣಗಳಲ್ಲಿ ನೂರಾರು ಸೀಟು ಕಾಣಿಸಿಕೊಳ್ಳುತ್ತವೆ. ಅಂದು ಕೊಳ್ಳುವುದು ಅತಿ ಕೆಟ್ಟ ಸಮಯ. ಅವುಗಳಲ್ಲಿ ಕೆಲವು ಮಾರುವವರ ಕೈಯಲ್ಲಿ ಇನ್ನೂ ಇಲ್ಲದ ಟಿಕೆಟ್‌ಗಳು; ಆಮೇಲೆ ಅಗ್ಗಕ್ಕೆ ಸಿಕ್ಕರೆ ಕೊಂಡು ಕೊಡುವ ಲೆಕ್ಕಾಚಾರ. ಸಾಲು, ಸೀಟು ಸಂಖ್ಯೆ ಹೇಳದೆ ‘ಈ ಭಾಗದಲ್ಲಿ ಎಲ್ಲಾದರೂ’ ಎನ್ನುವ ಪಟ್ಟಿಗಳಲ್ಲಿ ಈ ಅಪಾಯ ಜಾಸ್ತಿ. ಹೆಚ್ಚುವರಿ ದಿನ ಘೋಷಣೆಯಾದರೆ ಮೊದಲ ದಿನದ ಮರುಮಾರಾಟ ದರವೂ ಸಡಿಲವಾಗುತ್ತದೆ. ಕಾರ್ಯಕ್ರಮಕ್ಕೆ ಎರಡು ಮೂರು ದಿನ ಉಳಿದಾಗ, ಮಾರದೆ ಉಳಿದರೆ ಪೂರ್ತಿ ನಷ್ಟ ಎಂಬ ಭಯದಲ್ಲಿ ದಲ್ಲಾಳಿಗಳು ದರ ಇಳಿಸುತ್ತಾರೆ. ಮೇಲಿನ ಗ್ಯಾಲರಿಯಲ್ಲಿ ಇಳಿತ ಹೆಚ್ಚು, ವೇದಿಕೆ ಮುಂದಿನ ಸೀಟುಗಳಲ್ಲಿ ಕಡಿಮೆ. ಒಂದೇ ರಾತ್ರಿಯ, ಅತಿ ಬೇಡಿಕೆಯ ಕಾರ್ಯಕ್ರಮದಲ್ಲಿ ಇಳಿಯದೆಯೂ ಇರಬಹುದು. ದೂರದ ಊರಿಗೆ ಹೋಗಬೇಕಾದವರು ಈ ಜೂಜು ಆಡಬಾರದು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಐರ್ಲೆಂಡ್ 2021ರ ಕಾಯ್ದೆಯಲ್ಲಿ ಮುಖಬೆಲೆಗಿಂತ ಹೆಚ್ಚಿಗೆ ಮರುಮಾರಾಟವನ್ನು ನಿಷೇಧಿಸಿದೆ, ಬ್ರಿಟನ್ ಸರ್ಕಾರವೂ 2025ರ ನವೆಂಬರ್‌ನಲ್ಲಿ ಅಂಥದೇ ಕ್ರಮ ಘೋಷಿಸಿತು. ಅಮೆರಿಕದಲ್ಲಿ 2016ರ ಬಾಟ್ಸ್ ಕಾಯ್ದೆ ತಂತ್ರಾಂಶ ಬಳಸಿ ಟಿಕೆಟ್ ಬಾಚುವುದನ್ನು ತಡೆಯುತ್ತದೆ, ಮರುಮಾರಾಟದ ದರಕ್ಕೆ ಮಿತಿ ಹಾಕುವುದಿಲ್ಲ. ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲಾಗದ ಟಿಕೆಟ್ ಎಂದು ನಿಯಮದಲ್ಲಿ ಬರೆದಿದ್ದರೆ ಎಷ್ಟೇ ಅಗ್ಗವಾದರೂ ಹೊರಗಿನವರಿಂದ ಕೊಳ್ಳಬೇಡಿ, ಬಾಗಿಲಲ್ಲೇ ತಡೆಯುತ್ತಾರೆ. ಅಧಿಕೃತ ತಾಣದಲ್ಲೇ ಮುಖಬೆಲೆಗೆ ಬದಲಾಯಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಮೊದಲು ನೋಡಿ.

ತಡೆಹಿಡಿದ ಸೀಟುಗಳ ಮಾತು ಈಗ. ವೇದಿಕೆಯ ಅಳತೆ ಖಚಿತವಾದ ಮೇಲೆ, ಹೆಚ್ಚಾಗಿ ಕಾರ್ಯಕ್ರಮದ ಹಿಂದಿನ ಕೆಲವು ದಿನಗಳಲ್ಲಿ ಮತ್ತು ಅದೇ ದಿನ ಮಧ್ಯಾಹ್ನದ ಹೊತ್ತಿಗೆ, ಬೇಡವಾದ ಸೀಟುಗಳನ್ನು ಮುಖಬೆಲೆಗೇ ಬಿಡುತ್ತಾರೆ. ಮಿಕ್ಸರ್‌ನ ಹಿಂದಿನ ಸಾಲು, ವೇದಿಕೆಯ ಪಕ್ಕದ ಬ್ಲಾಕಿನ ಅಂಚು, ಕಲಾವಿದರ ಕಡೆಯವರು ಬಳಸದ ಕೆಳ ಗ್ಯಾಲರಿಯ ಜೋಡಿ ಸೀಟುಗಳು ಇವುಗಳಲ್ಲಿ ಇರುತ್ತವೆ. ಮೊದಲೇ ಘೋಷಿಸುವುದು ಅಪರೂಪ, ಹತ್ತಿಪ್ಪತ್ತು ಸೀಟುಗಳು ಸದ್ದಿಲ್ಲದೆ ನಕ್ಷೆಯಲ್ಲಿ ಕಾಣಿಸಿಕೊಂಡು ನಿಮಿಷಗಳಲ್ಲಿ ಮಾಯ. ಅಧಿಕೃತ ತಾಣದ ನಕ್ಷೆಯನ್ನು ಮರುಮಾರಾಟದ ಸೀಟು ಮರೆಮಾಡಿ ದಿನಕ್ಕೆ ಕೆಲವು ಸಲ ನೋಡುವುದೊಂದೇ ಉಪಾಯ. ‘ಭಾಗಶಃ ಮರೆ’ ಎಂಬ ಟಿಪ್ಪಣಿ ಇದ್ದರೆ ಏನು ಮರೆಯಾಗುತ್ತದೆ ಎಂದು ಸಭಾಂಗಣದ ಟಿಕೆಟ್ ಕೌಂಟರ್‌ಗೆ ಫೋನ್ ಮಾಡಿ ಕೇಳಿ. ಹಿಂದಿನ ಪರದೆ ಮಾತ್ರ ಕಾಣದು ಎಂದರೆ ಕೊಳ್ಳಬಹುದು. ಕಂಬವೋ ಸ್ಪೀಕರ್ ಸಾಲೋ ವೇದಿಕೆಯ ನಡುವನ್ನೇ ಮುಚ್ಚುತ್ತದೆ ಎಂದರೆ ಅರ್ಧ ದರಕ್ಕೂ ಬೇಡ.